ಹನ್ನೊಂದು ತಿಂಗಳ ಒಕ್ಕಲು

ಕನ್ನಡದ 'ಒಕ್ಕಲು' ಎಂಬ ಪದದ ಅರ್ಥವ್ಯಾಪ್ತಿ ಗಮನಾರ್ಹವಾದುದು. ಒಂದೆಡೆ ನೆಲೆಸಿ ಬಾಳುವುದು ಒಕ್ಕಲು. ಅನ್ಯರ ಭೂಮಿಯನ್ನು ಗೇಣಿಗೆ ಹಿಡಿದು ಬಾಳುವವನೂ ಒಕ್ಕಲು. ಬೇಸಾಯಕ್ಕೆ ಒಕ್ಕಲುತನವೆಂದೇ ಹೆಸರು. ಕರಾವಳಿಯಲ್ಲಿ ಹೊಸಮನೆಯನ್ನು ಹೊಗುವ ಶುಭಕಾರ್ಯ ಮನೆಯೊಕ್ಕಲು. ತುಳುವರ ಬಾಯಲ್ಲಿ ಅದೇ 'ಇಲ್ಲ್ ಒಕ್ಕೆಲ್'. ನೆಲೆ ತಪ್ಪಿಸಿ ಹೊರಗಟ್ಟುವುದಕ್ಕೆ 'ಒಕ್ಕಲೆಬ್ಬಿಸು' ಎಂಬುದಕ್ಕಿಂತ ಹರಿತವಾದ ಮಾತು ಕನ್ನಡದಲ್ಲಿ ಸಿಗುವುದು ಕಷ್ಟ. ಒಡೆಯನಾಗಿ ಇರುವವನನ್ನೂ ಬಾಡಿಗೆ ತೆತ್ತು ಇರುವವನನ್ನೂ ಈ ಪದ ಪ್ರತ್ಯೇಕಿಸುವುದಿಲ್ಲ. ಇರವೇ ಅದಕ್ಕೆ ಮುಖ್ಯ, ಇರುವ ಹಕ್ಕು ಯಾವ ಬಗೆಯದೆಂಬುದು ಆಮೇಲಿನ ಮಾತು.

ಆ ಹಕ್ಕಿನ ಬಗೆಗಳನ್ನು ಹೇಳುವ ಪರಿಭಾಷೆಯೂ ಕನ್ನಡ ನಾಡಿನಲ್ಲಿ ಕಡಿಮೆಯೇನಿರಲಿಲ್ಲ. ದಕ್ಷಿಣ ಕನ್ನಡದ ಭೂಹಿಡುವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಮುಖ್ಯ ಪ್ರಭೇದಗಳಿದ್ದವು. ಗೊತ್ತುಪಡಿಸಿದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ತಲೆತಲಾಂತರ ಕದಲಿಸಲಾಗದ ಒಕ್ಕಲು ಮೂಲಗೇಣಿದಾರ. ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯ ಮೇಲೆ ಉಳಿಯುವವನು, ಗೇಣಿ ಏರಿಸಿದರೆ ಒಪ್ಪಬೇಕಾದವನು, ಒಪ್ಪದಿದ್ದರೆ ಹೊರಡಬೇಕಾದವನು ಚಾಲಗೇಣಿ ಒಕ್ಕಲು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಈ ಭೇದದ ಮಹತ್ವ ಕೃಷಿಭೂಮಿಯ ಮಟ್ಟಿಗೆ ಕೊನೆಗೊಂಡಿತು. ಆದರೆ ಆ ಸಂದರ್ಭದಲ್ಲಿ ಗೇಣಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡವನಿಗೂ ಬಾಯಿಮಾತಿನ ಮೇಲೆ ಉತ್ತು ಬದುಕಿದವನಿಗೂ ಭೂನ್ಯಾಯ ಮಂಡಳಿಯ ಎದುರು ಎಷ್ಟು ಅಂತರ ಬಿತ್ತೆಂಬುದನ್ನು ಕರಾವಳಿಯ ಹಿರಿಯರು ಇಂದಿಗೂ ಮರೆತಿಲ್ಲ.

ಆ ಚಾಲಗೇಣಿ ಒಕ್ಕಲಿನ ಮೊಮ್ಮಗನೋ ಮೊಮ್ಮಗಳೋ ಇಂದು ಓದಲೆಂದು ಮುಂಬಯಿ ಸೀಮೆಗೆ ಬಂದರೆ ದೊರೆಯುವ ನೆಲೆ ಚಾಲಗೇಣಿಗಿಂತಲೂ ಒಂದು ಮೆಟ್ಟಿಲು ಕೆಳಗಿನದು. ಇಬ್ಬರೋ ಮೂವರೋ ನಾಲ್ವರೋ ಸೇರಿ ಒಂದು ಮನೆ ಹಿಡಿಯುತ್ತಾರೆ. ಆಡುಮಾತಿನಲ್ಲಿ ಅದು ಬಾಡಿಗೆ ಮನೆ, ಕಾಗದದಲ್ಲಿ ಹಾಗಲ್ಲ. ಅಲ್ಲಿ ಬರೆದಿರುವುದು 'ಲೀವ್ ಎಂಡ್ ಲೈಸೆನ್ಸ್'. 1882ರ ಈಸ್‌ಮೆಂಟ್ಸ್ ಕಾಯಿದೆ ಹೇಳುವಂತೆ ಲೈಸೆನ್ಸ್ ಎಂಬುದು ಸ್ಥಿರಾಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸದ ಬರಿಯ ಅನುಮತಿ. ಅಂದರೆ ವಿದ್ಯಾರ್ಥಿಯು ಆ ಮನೆಯ ಬಾಡಿಗೆದಾರನಲ್ಲ, ಒಳಗೆ ಇರಲು ಹನ್ನೊಂದು ತಿಂಗಳ ಮಟ್ಟಿಗೆ ಅನುಮತಿ ಪಡೆದವನು ಮಾತ್ರ. ಅವನು ಕೊಡುವುದಕ್ಕೆ ಬಾಡಿಗೆಯೆಂಬ ಹೆಸರೂ ಇಲ್ಲ. ಅದು ಅನುಮತಿಯ ಶುಲ್ಕ. ಒಕ್ಕಲು ಎಂಬ ಪದದ ವಿಶಾಲವಾದ ಹೊಟ್ಟೆಯೊಳಗೂ ಇವನಿಗೆ ಜಾಗ ಸಿಗುವುದೋ ಇಲ್ಲವೋ ಎಂಬುದು ಸಂದೇಹಾಸ್ಪದ.

ಈ ಸ್ಥಿತಿಯನ್ನು ಸ್ಪಷ್ಟವಾಗಿ ಕಾಣಲು ಬೇಲಾಪುರಕ್ಕಿಂತ ತಕ್ಕ ಸ್ಥಳವಿಲ್ಲ. ಬೇಲಾಪುರವೆಂದೊಡನೆ ಕನ್ನಡ ವಿದ್ಯಾರ್ಥಿಗೆ ಹೊಯ್ಸಳರ ವೇಲಾಪುರಿ ನೆನಪಾಗುವುದು ಸಹಜ. ಆದರೆ ಪನವೇಲ್ ಖಾರಿಯ ದಡದ ಈ ಬೇಲಾಪುರದಲ್ಲಿ ಇರುವುದು ಶಿಲಾಬಾಲಿಕೆಯರಲ್ಲ, ಸರಕಾರಿ ಕಚೇರಿಗಳು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ ಮತ್ತು ಶಿರೀಷ್ ಪಟೇಲ್ ಅವರು 'ಮಾರ್ಗ್' ಪತ್ರಿಕೆಯಲ್ಲಿ ಮುಂದಿಟ್ಟ ಕಲ್ಪನೆ 1970ರಲ್ಲಿ ಸಿಡ್ಕೋ ಸಂಸ್ಥೆಯ ಸ್ಥಾಪನೆಯಲ್ಲಿ ಫಲಿಸಿತು. 95 ಗ್ರಾಮಗಳನ್ನು ಒಳಗೊಂಡ 344 ಚದರ ಕಿಲೋಮೀಟರು ಪ್ರದೇಶ ನವಿ ಮುಂಬಯಿಗೆಂದು ಗೊತ್ತಾಯಿತು. 1973ರಲ್ಲಿ ಠಾಣೆ ಖಾರಿಗೆ ಸೇತುವೆಯಾಯಿತು. 1992ರಲ್ಲಿ ಮಾನಖುರ್ದಿನಿಂದ ವಾಶಿಗೂ 1993ರಲ್ಲಿ ಬೇಲಾಪುರಕ್ಕೂ ಲೋಕಲ್ ಗಾಡಿ ಬಂದಿತು. 2023ರ ನವೆಂಬರಿನಿಂದ ಬೇಲಾಪುರ ಮತ್ತು ಪೇಂಧರ್‌ಗಳ ನಡುವೆ ಮೆಟ್ರೋ ಕೂಡ ಓಡುತ್ತಿದೆ.

ಕನ್ನಡಿಗರ ಮಟ್ಟಿಗೆ ಬೇಲಾಪುರಕ್ಕೆ ಇನ್ನೊಂದು ಮಹತ್ವವೂ ಉಂಟು. ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ಇರುವುದು ಇಲ್ಲಿಯ ಬೇಲಾಪುರ ಭವನದಲ್ಲಿ. 1998ರ ಜನವರಿಯಲ್ಲಿ ಆ ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕುಮಟೆಗಳ ಮಕ್ಕಳಿಗೆ ಮುಂಬಯಿ ಒಂದು ರಾತ್ರಿಯ ದೂರವಾಯಿತು. ಪನವೇಲಿನಲ್ಲಿ ಇಳಿದು ಲೋಕಲ್ ಹಿಡಿದರೆ ಬೇಲಾಪುರ ಹತ್ತಿರವೇ. ಉತ್ತರ ಕರ್ನಾಟಕದಿಂದ ಪುಣೆಯ ದಾರಿಯಾಗಿ ಬರುವ ಬಸ್ಸುಗಳಿಗೂ ಮುಂಬಯಿಯ ಹೆಬ್ಬಾಗಿಲು ಇದೇ ಸೀಮೆ. ಬೇಲಾಪುರ, ನೆರೂಳ್, ಖಾರಘರಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಆಡಳಿತಶಾಸ್ತ್ರ ಮುಂತಾದವುಗಳ ಕಾಲೇಜುಗಳು ಬೆಳೆದಿವೆ. ಕಲೀನಾದ ವಿದ್ಯಾನಗರಿಯಲ್ಲಿ ಓದುವವರಿಗೂ ಕುರ್ಲಾ, ಸಾಂತಾಕ್ರೂಜ್ ಪರಿಸರದ ಬಾಡಿಗೆ ಕೈಗೆಟುಕದಾದಾಗ ಹಾರ್ಬರ್ ಮಾರ್ಗದ ತುದಿಯ ಈ ಊರುಗಳೇ ಗತಿ. ಪುಸ್ತಕ ಹಿಡಿದು ಕುರ್ಲಾದವರೆಗೆ ನಿಂತೇ ಹೋಗುವ ಶಕ್ತಿಯಿದ್ದರಾಯಿತು.

ಯೋಜಿತ ನಗರವೆಂಬ ಹೆಗ್ಗಳಿಕೆ ನವಿ ಮುಂಬಯಿಗಿದೆ. ಅದು ಸುಳ್ಳೂ ಅಲ್ಲ. ಆದರೆ ಯೋಜಕರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗಳನ್ನು ಯೋಜಿಸಿದರೆಂದು ಕೇಳಿದರೆ ಉತ್ತರ ಒಂದೇ: ಕುಟುಂಬ. ಸಿಡ್ಕೋ ಮನೆಗಳ ವಿಂಗಡಣೆ ನಡೆದಿರುವುದು ಆದಾಯದ ಮೇಲೆ: ಆರ್ಥಿಕವಾಗಿ ದುರ್ಬಲರು, ಅಲ್ಪ ಆದಾಯದವರು, ಮಧ್ಯಮ ಆದಾಯದವರು, ಅಧಿಕ ಆದಾಯದವರು. ವಿದ್ಯಾರ್ಥಿಗೆ ಆದಾಯವೇ ಇಲ್ಲದಿರುವುದರಿಂದ ಈ ಕೋಷ್ಟಕದಲ್ಲಿ ಅವನ ಸಾಲೇ ಇಲ್ಲ. ಬೇಲಾಪುರದಲ್ಲಿ ಕೊರಿಯಾ ಅವರು 1980ರ ದಶಕದಲ್ಲಿ ರೂಪಿಸಿದ ಕಲಾವಿದರ ಗ್ರಾಮ, ಅಂದರೆ ಆರ್ಟಿಸ್ಟ್ಸ್ ವಿಲೇಜ್, ವಾಸ್ತುಶಾಸ್ತ್ರದ ವಿದ್ಯಾರ್ಥಿಗಳು ಪಾಠವೆಂಬಂತೆ ನೋಡಲು ಬರುವ ಸ್ಥಳ. ಏಳು ಮನೆಗಳಿಗೆ ಒಂದು ಅಂಗಳ, ಯಾವ ಮನೆಗೂ ನೆರೆಮನೆಯ ಗೋಡೆಯ ಹಂಗಿಲ್ಲ, ಸಂಸಾರ ಬೆಳೆದಂತೆ ಮನೆಯೂ ಬೆಳೆಯಬಹುದು. ನಮ್ಮ ತೊಟ್ಟಿಮನೆಗಳನ್ನು ಬಲ್ಲವರಿಗೆ ಆ ಅಂಗಳದ ಅರ್ಥ ಕೂಡಲೇ ಆಗುತ್ತದೆ. ಮನೆಗಳು ಬೆಳೆದವು, ಹೆಚ್ಚಿನವು ಮೂಲದ ಗುರುತೇ ಸಿಗದಷ್ಟು ಬೆಳೆದವು. ಮಗನಿಗೊಂದು ಕೋಣೆ ಕೂಡಿಸಿಕೊಳ್ಳುವುದಕ್ಕೆ ಅಲ್ಲಿ ಮೊದಲೇ ಅವಕಾಶ ಕಲ್ಪಿಸಲಾಗಿತ್ತು. ಪರವೂರಿನಿಂದ ಓದಲು ಬರುವ ಪರರ ಮಗನ ವಿಚಾರ ಅಷ್ಟು ಸಹೃದಯವಾದ ಯೋಜನೆಯಲ್ಲೂ ಬರಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಸಹಕಾರಿ ಗೃಹನಿರ್ಮಾಣ ಸಂಘಗಳ, ಅಂದರೆ ಮುಂಬಯಿಯ ಮಾತಿನ 'ಸೊಸೈಟಿ'ಗಳ ಬಾಗಿಲಲ್ಲಿ ಅವನಿಗೆ ಸಿಗುವ ಹೆಸರು 'ಬ್ಯಾಚಲರ್'. ಅದು ವೈವಾಹಿಕ ಸ್ಥಿತಿಯ ಸೂಚನೆಯಂತೆ ಕಂಡರೂ ವಾಸ್ತವವಾಗಿ ನಡತೆಯ ಮೇಲಿನ ತೀರ್ಪು. ಮಹಾರಾಷ್ಟ್ರದ ಬಾಡಿಗೆ ಕಾಯಿದೆಯಲ್ಲಿ ಅವಿವಾಹಿತನೆಂಬ ಪ್ರತ್ಯೇಕ ವರ್ಗವಿಲ್ಲ. ಸೂಚನಾ ಫಲಕದ ಮೇಲಿನ ಒಂದು ಸಾಲು, ಕಾರ್ಯದರ್ಶಿಯ ಒಂದು ಮಾತು, ಇವೇ ಅಲ್ಲಿ ಕಾನೂನಾಗಿ ನಡೆಯುತ್ತವೆ. ಇದರಲ್ಲೊಂದು ಚಾರಿತ್ರಿಕ ವ್ಯಂಗ್ಯವಿದೆ. ಮುಂಬಯಿಯಲ್ಲಿ ಸಹಕಾರಿ ವಸತಿಯ ಪದ್ಧತಿಗೆ ನಾಂದಿ ಹಾಡಿದವರಲ್ಲಿ ಅಗ್ರಗಣ್ಯರು ಉತ್ತರ ಕನ್ನಡದ ಕಡೆಯಿಂದ ಹೋದ ಸಾರಸ್ವತರು. ಶ್ರೀಪಾದ ಸುಬ್ರಾವ್ ತಾಲ್ಮಕಿ ಅವರ ನೇತೃತ್ವದಲ್ಲಿ 1915ರಲ್ಲಿ ಗಾಂವದೇವಿಯಲ್ಲಿ ಸ್ಥಾಪನೆಗೊಂಡ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಈ ದೇಶದ ಮೊತ್ತಮೊದಲ ವಸತಿ ಸಹಕಾರಿ ಸಂಘಗಳಲ್ಲೊಂದು. ಅಲ್ಲಿ ಸಂಘವೇ ಒಡೆಯ, ಸದಸ್ಯರೆಲ್ಲರೂ ಅದರ ಬಾಡಿಗೆದಾರರು. ಮಹಾನಗರದಲ್ಲಿ ನೆಲೆ ಸಿಗದೆ ಅಲೆಯುತ್ತಿದ್ದ ಕೆಳ ಮಧ್ಯಮವರ್ಗದ ಗುಮಾಸ್ತರಿಗೆ ಒಂದು ಸೂರು ಕಲ್ಪಿಸುವುದಕ್ಕಾಗಿ ಹುಟ್ಟಿದ ಏರ್ಪಾಡದು. ಪರಸ್ಥಳದವನಿಗೆ ಬಾಗಿಲು ತೆರೆಯಲೆಂದು ಹುಟ್ಟಿದ ಸಂಸ್ಥೆ ಒಂದು ಶತಮಾನದೊಳಗೆ ಪರಸ್ಥಳದವನಿಗೆ ಬಾಗಿಲು ಮುಚ್ಚುವ ಸಾಧನವಾದ ಬಗೆ ಯಾವನಾದರೂ ಸಂಶೋಧನಾರ್ಥಿಯ ಪ್ರಬಂಧಕ್ಕೆ ವಸ್ತುವಾಗಬಲ್ಲುದು.

ಬಾಗಿಲು ಮುಚ್ಚುವ ಕ್ರಮವೂ ಎಲ್ಲರಿಗೂ ಒಂದೇ ತೆರನಾಗಿಲ್ಲ. ಕರಾವಳಿಯ ಕೆಲವು ಕುಲನಾಮಗಳಿಗೆ ಮುಂಬಯಿಯಲ್ಲಿ ಹೋಟೆಲ್ ಉದ್ಯಮ ತಂದುಕೊಟ್ಟ ಒಂದು ಮರ್ಯಾದೆಯಿದೆ. ಆ ಹೆಸರು ಕೇಳಿದೊಡನೆ ದಲ್ಲಾಳಿಯ ಮುಖ ಅರಳುತ್ತದೆ. ಕಲಬುರಗಿ, ಯಾದಗಿರಿಯ ಕಡೆಯ ಮುಸ್ಲಿಂ ಹುಡುಗನಿಗೋ ದಲಿತ ಹುಡುಗನಿಗೋ ಆ ಅನುಕೂಲವಿಲ್ಲ. ಅಡುಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯಿಂದ ಆರಂಭವಾಗುವ ವಿಚಾರಣೆ ಎಲ್ಲಿಗೆ ಹೋಗಿ ಮುಟ್ಟುವುದೆಂಬುದನ್ನು ಅವನು ಎರಡನೆಯ ಮನೆ ನೋಡುವಷ್ಟರಲ್ಲಿ ಕಲಿತಿರುತ್ತಾನೆ. ಮರಾಠಿ, ಗುಜರಾತಿ ಒಡೆಯರನ್ನು ಮಾತ್ರ ಇದಕ್ಕಾಗಿ ದೂರುವುದು ನ್ಯಾಯವಲ್ಲ. ನವಿ ಮುಂಬಯಿಯಲ್ಲಿ ಮನೆಗಳುಳ್ಳ ಕನ್ನಡಿಗರು ಸಾಕಷ್ಟಿದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡಿಗರೆಲ್ಲರೂ ಒಂದೆಂದು ಹೇಳಿ ಬಂದವರು ಮನೆ ಕೇಳಲು ಬಂದ ಕನ್ನಡ ಹುಡುಗನನ್ನು 'ನಿಮ್ಮದು ಯಾವ ಜನ?' ಎಂದು ವಿಚಾರಿಸುವುದು ಅಪರೂಪವೇನಲ್ಲ. ಭಾಷೆಯ ಬಂಧ ಎಷ್ಟು ಆಳದ್ದೆಂಬುದನ್ನು ಅಳೆಯುವುದಕ್ಕೆ ಭಾಷಣಕ್ಕಿಂತ ಬಾಡಿಗೆಯ ಮನೆ ಒಳ್ಳೆಯ ಮಾಪಕ.

ಸೊಸೈಟಿಗಳಲ್ಲಿ ಜಾಗ ಸಿಗದವರು ಹೋಗುವುದು ಗಾವಠಾಣಗಳಿಗೆ. ಯೋಜಿತ ನಗರದ ವಲಯಗಳ ನಡುವೆ ಹಳೆಯ ಗ್ರಾಮಗಳು ಉಳಿದುಕೊಂಡಿವೆ. ಬೇಲಾಪುರ ಗ್ರಾಮ, ಶಾಹಬಾಜ್, ದಿವಾಳೆ ಅಂಥವು. ಗದ್ದೆ, ಉಪ್ಪಿನ ಮಡಿಗಳು ಹೊಸ ನಗರದ ಪಾಲಾದ ಮೇಲೆ ಆಗರಿ, ಕೋಳಿ ಜನಾಂಗಗಳಿಗೆ ಉಳಿದದ್ದು ಮನೆಯ ತಳಹದಿಯಷ್ಟೇ ಅಗಲದ ನೆಲ. ದಿ. ಬಾ. ಪಾಟೀಲರ ನೇತೃತ್ವದಲ್ಲಿ 1984ರಲ್ಲಿ ಜಾಸಯಿಯಲ್ಲಿ ನಡೆದ ಹೋರಾಟದಲ್ಲಿ ಪ್ರಾಣ ತೆತ್ತ ಮೇಲೆಯೇ ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ರೂಪುಗೊಂಡಿತು. ಹೀಗಿರುವಾಗ ಇದ್ದ ತುಂಡು ನೆಲದ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಕೋಣೆಗಳನ್ನು ಬಾಡಿಗೆಗೆ ಕೊಡುವುದು ಅವರಿಗೆ ಬೇಸಾಯಕ್ಕೆ ಬದಲಾಗಿ ಬಂದ ಜೀವನೋಪಾಯ. ಇಲ್ಲಿಯ ಒಡೆಯರು ಬ್ಯಾಚಲರನೆಂದು ಬಾಗಿಲು ಹಾಕುವುದು ಕಡಿಮೆ, ಕಾಗದಪತ್ರದ ರಗಳೆಯೂ ಕಡಿಮೆ. ಒಕ್ಕಲು ಎಬ್ಬಿಸಲ್ಪಟ್ಟವನೇ ಒಕ್ಕಲಿಗೆ ಜಾಗ ಕೊಡುವ ಈ ಸಂಬಂಧದಲ್ಲಿ ಸೊಸೈಟಿಗಳಲ್ಲಿ ಕಾಣದ ಒಂದು ಮನುಷ್ಯತ್ವವಿದೆ. ಆದರೆ ಇದರ ಇನ್ನೊಂದು ಮುಖವನ್ನು ಮರೆಮಾಚಬಾರದು. 2024ರ ಜುಲೈ 27ರ ಮುಂಜಾನೆ ಶಾಹಬಾಜ್ ಗ್ರಾಮದಲ್ಲಿ ಒಂದು ಬಹುಮಹಡಿ ಕಟ್ಟಡ ಕುಸಿದು ಮೂವರು ಅಸುನೀಗಿದರು. ಅದು ಶತಮಾನದಷ್ಟು ಹಳೆಯ ಚಾಳವಾಗಿರಲಿಲ್ಲ, ಇತ್ತೀಚಿನ ವರ್ಷಗಳ ಕಟ್ಟಡ. ಬಾಡಿಗೆ ಕಡಿಮೆಯಿರುವ ಮನೆಯ ಗೋಡೆಯಲ್ಲಿ ಬಿರುಕಿದೆಯೇ ಎಂದು ನೋಡುವ ಕಣ್ಣು ಇಪ್ಪತ್ತರ ವಯಸ್ಸಿಗೆ ಇರುವುದಿಲ್ಲ. ಇದ್ದರೂ ಕೈಯಲ್ಲಿರುವ ಹಣ ಅದನ್ನು ಮುಚ್ಚಿಸುತ್ತದೆ.

ವಿದ್ಯಾರ್ಥಿನಿಯರ ಪಾಡು ಬೇರೆಯೇ. ಅವರಿಗೆ ಮನೆ ಕೊಡಲು ಒಡೆಯರು ಹಿಂಜರಿಯುವುದು ಕಡಿಮೆ, ಕೊಟ್ಟ ಮೇಲೆ ಕಾವಲು ಕಾಯುವುದು ಹೆಚ್ಚು. ಎಷ್ಟು ಹೊತ್ತಿಗೆ ಬಂದರು, ಯಾರೊಡನೆ ಬಂದರು ಎಂಬ ಲೆಕ್ಕವನ್ನು ಕಾವಲುಗಾರನೂ ಎದುರುಮನೆಯವರೂ ಇಡುತ್ತಾರೆ. ಗ್ರಂಥಾಲಯ ಮುಚ್ಚುವವರೆಗೆ ಓದಿ ಕುರ್ಲಾದಿಂದ ಹೊರಡುವ ಹುಡುಗಿ ರಾತ್ರಿ ಬೇಲಾಪುರ ತಲುಪಿದಾಗ ಪೇಯಿಂಗ್ ಗೆಸ್ಟ್ ಮನೆಯ ಬಾಗಿಲು ಹಾಕುವ ಹೊತ್ತು ಮೀರಿರುತ್ತದೆ. ಸಮಾನ ಓದಿನ ಅವಕಾಶವೆಂಬುದು ಎಷ್ಟೋ ಸಲ ಬಾಗಿಲಿನ ಚಿಲಕದ ಪ್ರಶ್ನೆಯಾಗಿರುತ್ತದೆ.

ಮನೆಯೊಡೆಯರ ಭಯಕ್ಕೆ ಬುಡವೇ ಇಲ್ಲವೆನ್ನುವುದೂ ತಪ್ಪಾದೀತು. 1947ರ ಮುಂಬಯಿ ಬಾಡಿಗೆ ಕಾಯಿದೆಯು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನನ್ನು ಎಬ್ಬಿಸುವುದು ಅಸಾಧ್ಯಪ್ರಾಯವಾದಾಗ ಒಡೆಯರು 'ಲೈಸೆನ್ಸ್' ಎಂಬ ಹೊಸ ದಾರಿ ಹುಡುಕಿದರು. 1973ರ ತಿದ್ದುಪಡಿ ಆ ವರ್ಷದ ಫೆಬ್ರವರಿ 1ರಂದು ವಾಸವಿದ್ದ ಅಂಥ ಅನುಮತಿದಾರರನ್ನೂ ಬಾಡಿಗೆದಾರರೆಂದೇ ಸಾರಿತು. ಒಳಗೆ ಬಿಟ್ಟವನು ಮತ್ತೆ ಹೋಗಲಾರನೆಂಬ ಭೀತಿ ಮುಂಬಯಿಯ ಒಡೆಯನ ಎಲುಬಿನಲ್ಲಿ ಸೇರಿದ್ದು ಹೀಗೆ. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಳೆಯ ಬಾಡಿಗೆ ನಿರ್ಬಂಧ ಇನ್ನು ಸಮಂಜಸವಲ್ಲವೆಂದು ಹೇಳಿದ ಮೊಕದ್ದಮೆಯ ಹೆಸರಿನಲ್ಲಿ 'ಮಲ್ಪೆ' ಎಂಬ ಊರಿನ ಹೆಸರಿರುವುದನ್ನು ಕರಾವಳಿಯವರು ಕುತೂಹಲದಿಂದ ಗಮನಿಸಬಹುದು. ತರುವಾಯ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದರ 24ನೆಯ ಕಲಮಿನ ಪ್ರಕಾರ ಅವಧಿ ಮುಗಿದರೂ ಬಿಡದ ಅನುಮತಿದಾರ ಇಮ್ಮಡಿ ಶುಲ್ಕ ತೆರಬೇಕು. 55ನೆಯ ಕಲಮಿನ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಒಡೆಯನದು. ತಪ್ಪಿದರೆ ಶಿಕ್ಷೆಯೂ ಅವನಿಗೇ. ಲಿಖಿತ ಕರಾರಿಲ್ಲದೆ ವಿವಾದವೆದ್ದರೆ, ಸುಳ್ಳೆಂದು ಸಿದ್ಧವಾಗುವವರೆಗೆ ಒಳಗಿರುವವನ ಮಾತೇ ಮಾನ್ಯ. ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಇದು ತಿಳಿದಿಲ್ಲ. ನೋಂದಣಿ ಬೇಡವೆಂದು ಒಡೆಯ ಹೇಳಿದರೆ ತಮಗೇ ಉಪಕಾರವಾಯಿತೆಂದು ನಂಬುತ್ತಾರೆ.

ಇನ್ನು ಈ ಹನ್ನೊಂದು ತಿಂಗಳು. ಒಂದು ವರ್ಷವನ್ನು ಮೀರುವ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂದು 1908ರ ನೋಂದಣಿ ಕಾಯಿದೆ ಹೇಳಿತು. ಅದನ್ನು ತಪ್ಪಿಸಿಕೊಳ್ಳಲು ಜನ ಹನ್ನೆರಡಕ್ಕೆ ಒಂದು ಕಳೆದರು. ಇಷ್ಟೇ ಅದರ ಮೂಲ. ಮಹಾರಾಷ್ಟ್ರದಲ್ಲಿ ಈಗ ಹನ್ನೊಂದು ತಿಂಗಳದ್ದಾದರೂ ನೋಂದಣಿ ಕಡ್ಡಾಯ. ಮುದ್ರಾಂಕ ಶುಲ್ಕದ ನಿಯಮವೋ ಅರವತ್ತು ತಿಂಗಳವರೆಗಿನ ಕರಾರಿಗೆ ಅವಕಾಶ ಕೊಟ್ಟಿದೆ. ಹೀಗೆ ಕಾರಣ ಸತ್ತು ಆಚಾರ ಮಾತ್ರ ಉಳಿದಿದೆ. ಆ ಆಚಾರದಿಂದ ಲಾಭ ಪಡೆಯುವವನು ದಲ್ಲಾಳಿ: ಪ್ರತಿ ಕರಾರಿಗೂ ಒಂದು ತಿಂಗಳ ಬಾಡಿಗೆ ಅವನ ಪಾಲು. ಎಂ.ಎ. ಓದು ಎರಡು ವರ್ಷದ್ದು. ಮನೆಯ ಅನುಮತಿ ಹನ್ನೊಂದು ತಿಂಗಳದ್ದು. ಒಂದು ಪದವಿ ಮುಗಿಯುವುದರೊಳಗೆ ವಿದ್ಯಾರ್ಥಿ ಎರಡು ಅಥವಾ ಮೂರು ಸಲ ಗಂಟು ಕಟ್ಟಬೇಕಾಗುತ್ತದೆ. ಅದರಲ್ಲಿ ಒಂದು ಸಲವಾದರೂ ಪರೀಕ್ಷೆಯ ಆಸುಪಾಸಿನಲ್ಲಿ ಬರುತ್ತದೆ. ಓದು ಕೆಡುವುದು ಬುದ್ಧಿ ಸಾಲದೆ ಮಾತ್ರವಲ್ಲ.

ಹಣದ ಭಾರವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ತಿಂಗಳಿಗೆ 30,000 ರೂಪಾಯಿಯ ಮನೆಯನ್ನು ಮೂವರು ಹಿಡಿದರೆಂದು ಇಟ್ಟುಕೊಳ್ಳೋಣ. ಮೂರು ತಿಂಗಳ ಡಿಪಾಜಿಟ್ 90,000, ದಲ್ಲಾಳಿಗೆ 30,000, ಮೊದಲ ತಿಂಗಳದ್ದು 30,000. ಮೊದಲ ತರಗತಿಗೆ ಕಾಲಿಡುವ ಮೊದಲೇ ತಲೆಗೆ 50,000 ರೂಪಾಯಿ. ಇದರ ಮುಂದೆ ಕಾನೂನಿನ ಖರ್ಚು ಲೆಕ್ಕಕ್ಕೇ ಇಲ್ಲ. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆ ಮತ್ತು ಡಿಪಾಜಿಟ್ಟಿನ ಮೇಲಿನ ಊಹಿತ ಬಡ್ಡಿಯ ಶೇಕಡಾ ಕಾಲು ಭಾಗ, ಪಟ್ಟಣಗಳಲ್ಲಿ ನೋಂದಣಿ ಶುಲ್ಕ 1,000. ಎಲ್ಲ ಸೇರಿ ಸುಮಾರು 2,000 ರೂಪಾಯಿ. ಕೆಲಸ ಮಾಡಿಸಿಕೊಡುವವನ ಕೂಲಿ ಬೇರೆ. ಇಷ್ಟು ಉಳಿಸಲೆಂದು ಮೂವರಲ್ಲಿ ಒಬ್ಬನ ಹೆಸರನ್ನು ಮಾತ್ರ ಕರಾರಿನಲ್ಲಿ ಹಾಕಿ, ಉಳಿದಿಬ್ಬರನ್ನು ಅತಿಥಿಗಳಂತೆ ಒಳಗೆ ಸೇರಿಸುವ ರೂಢಿಯೇ ಎಲ್ಲ ಕಲಹಗಳ ಬೀಜ. ಹೆಸರಿದ್ದವನಿಗೆ ಆರನೆಯ ತಿಂಗಳಲ್ಲಿ ಬೇರೆಡೆ ಕೆಲಸ ಸಿಕ್ಕರೆ ಉಳಿದವರ ಕಾಲಡಿಯ ನೆಲ ಹೋಯಿತು. ಡಿಪಾಜಿಟ್ಟನ್ನು ಮೂವರೂ ಕೊಟ್ಟಿದ್ದರು, ರಶೀದಿ ಒಬ್ಬನದು. ಗೇಣಿ ಚೀಟಿಯಿಲ್ಲದ ಅಜ್ಜನ ಕಥೆಯನ್ನು ಮೊಮ್ಮಗ ಬೇಲಾಪುರದಲ್ಲಿ ಮತ್ತೆ ಬರೆಯುತ್ತಿದ್ದಾನೆ.

ಕನ್ನಡದ ವಿದ್ಯಾಪರಂಪರೆ ಎಂದೂ ವಿದ್ಯಾರ್ಥಿಯ ಊಟ ವಸತಿಯನ್ನು ಅವನೊಬ್ಬನ ಖಾಸಗಿ ತೊಂದರೆಯೆಂದು ಬಿಟ್ಟುಬಿಟ್ಟಿರಲಿಲ್ಲ. ವಾರಾನ್ನದ ಪದ್ಧತಿಯಲ್ಲಿ ವಾರದ ಒಂದೊಂದು ದಿನ ಒಂದೊಂದು ಮನೆ ಹುಡುಗನಿಗೆ ಅನ್ನವಿಕ್ಕಿತು. ಅದು ಜಾತಿಯ ಅಂಗಳ ದಾಟಿದ್ದು ವಿರಳವೆಂಬುದೂ ಅಷ್ಟೇ ನಿಜ. ಆ ಕೊರತೆಯನ್ನು ತುಂಬಲೆಂದೇ ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠಗಳ ಪ್ರಸಾದನಿಲಯಗಳೂ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳೂ ಎದ್ದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ವರ್ಗಗಳಿಗಾಗಿ ಆರಂಭಿಸಿದ ಸಂಸ್ಥೆ ಅಕ್ಷರದೊಂದಿಗೆ ಅನ್ನ ವಸತಿಗಳನ್ನೂ ತನ್ನ ಕಾರ್ಯವೆಂದು ಬಗೆಯಿತು. ಮುಂಬಯಿಯ ರಾತ್ರಿಶಾಲೆಗಳ ಚರಿತ್ರೆ ಇದೇ ಪರಂಪರೆಯ ಇನ್ನೊಂದು ಅಧ್ಯಾಯ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು, ಬೆಂಚು ಮೇಜುಗಳನ್ನು ಸರಿಸಿ ಅದೇ ಹೋಟೆಲಿನಲ್ಲಿ ಮಲಗಿದ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ವಕೀಲರಾದರು, ಅಧ್ಯಾಪಕರಾದರು, ಲೇಖಕರಾದರು. ಹೋಟೆಲ್ ಮಾಲಿಕ ಅವರ ದುಡಿಮೆಯನ್ನು ಅಗ್ಗದಲ್ಲಿ ಕೊಂಡನೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಮಲಗಲು ಒಂದು ನೆಲ ಕೊಟ್ಟಿದ್ದನು. ಇಂದಿನ ವಿದ್ಯಾರ್ಥಿಗೆ ಆ ನೆಲವಿಲ್ಲ, ವಾರಾನ್ನವಿಲ್ಲ, ಮಠದ ಪಂಕ್ತಿ ಇಲ್ಲಿಂದ ಬಹಳ ದೂರ.

ಹಾಗೆಂದು ಹಳೆಯದನ್ನೇ ಮರಳಿ ತರಬೇಕೆಂಬ ವಾದ ಸರಿಯಲ್ಲ. ಹಂಚಿಕೊಂಡ ಮನೆಗೆ ಹಳೆಯ ಯಾವ ವಿದ್ಯಾರ್ಥಿನಿಲಯಕ್ಕೂ ಇಲ್ಲದ ಒಂದು ಗುಣವಿದೆ: ಅಲ್ಲಿ ಪಂಕ್ತಿಯನ್ನು ಜಾತಿ ಹಾಕುವುದಿಲ್ಲ, ಬಾಡಿಗೆಯ ಪಾಲು ಹಾಕುತ್ತದೆ. ಕುಂದಾಪುರದವನ 'ಹ್ವಾಯ್' ಮತ್ತು ವಿಜಯಪುರದವನ 'ಏನ್ರೀ' ಒಂದೇ ಒಲೆಯ ಮುಂದೆ ಸೇರುತ್ತವೆ. ಕುಚ್ಚಲಕ್ಕಿ ಬೇಯಲು ಹಿಡಿಯುವ ಹೊತ್ತಿನ ಬಗ್ಗೆ ಒಬ್ಬನ ಆಕ್ಷೇಪ, ರೊಟ್ಟಿ ಬಡಿಯುವ ಸದ್ದಿಗೆ ಕೆಳಮನೆಯವರ ಆಕ್ಷೇಪ. ಕಾಸರಗೋಡಿನವನೊಬ್ಬ ಸೇರಿದರೆ ಮಲಯಾಳದ ಗಂಧವೂ ಬರುತ್ತದೆ. ಒಬ್ಬನಿಗೆ 'ರೂಮು', ಇನ್ನೊಬ್ಬನಿಗೆ 'ಖೋಲಿ', ಮನೆಯಲ್ಲಿ ಹಿರಿಯರಿದ್ದವನಿಗೆ 'ಬಿಡಾರ'. ಬೆಂಗಳೂರು ಬಲ್ಲವನು 'ಭೋಗ್ಯ'ದ ಮಾತೆತ್ತಿದರೆ ಉಳಿದವರಿಗೆ ಅದನ್ನು ವಿವರಿಸಬೇಕು. ಉಪಭಾಷೆಗಳ ಅಧ್ಯಯನಕ್ಕೆ ಕ್ಷೇತ್ರಕಾರ್ಯವೆಂದು ಊರೂರು ಅಲೆಯುವವರು ಇಂಥ ಒಂದು ಅಡುಗೆಮನೆಯಲ್ಲಿ ಒಂದು ವಾರ ಕುಳಿತರೆ ಸಾಕಷ್ಟು ಸಾಮಗ್ರಿ ದೊರೆತೀತು. ಕರ್ನಾಟಕದೊಳಗೆ ಇಷ್ಟು ಕನ್ನಡಗಳು ಒಂದೇ ಸೂರಿನಡಿ ಕೂಡುವುದು ಕಡಿಮೆ. ಈ ಮನೆ ಉಳಿಯಬೇಕಾದದ್ದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ.

ಅದು ಉಳಿಯುವಂತೆ ಮಾಡುವ ಶಕ್ತಿ ಮುಂಬಯಿಯ ಕನ್ನಡ ಸಂಸ್ಥೆಗಳಿಗಿದೆ. 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಮೊದಲ್ಗೊಂಡು ಉಪನಗರಗಳ ಸಂಘಗಳವರೆಗೆ ಅವು ಸಭಾಗೃಹ ಕಟ್ಟಿವೆ, ಗ್ರಂಥ ಪ್ರಕಟಿಸಿವೆ, ವಿದ್ಯಾರ್ಥಿವೇತನ ಹಂಚಿವೆ. ವಸತಿಯ ವಿಷಯದಲ್ಲಿ ನಡೆದ ಕೆಲಸ ಇದಕ್ಕೆ ಸರಿಸಮನಾಗಿಲ್ಲ. ಕಟ್ಟಡ ಕಟ್ಟಿರೆಂದು ಕೇಳುವುದು ಇಂದಿನ ಬೆಲೆಯಲ್ಲಿ ಅವಿವೇಕ. ಅದಕ್ಕಿಂತ ಸುಲಭವಾದುದೊಂದಿದೆ: ಸಂಘವೇ ತನ್ನ ಹೆಸರಿನಲ್ಲಿ ಅನುಮತಿದಾರನಾಗಿ ಎರಡು ವರ್ಷಕ್ಕೆ ಮನೆ ಹಿಡಿಯಲಿ, ಒಳಗಿರುವ ವಿದ್ಯಾರ್ಥಿಗಳೆಲ್ಲರ ಹೆಸರೂ ಕರಾರಿನಲ್ಲಿರಲಿ, ಡಿಪಾಜಿಟ್ಟನ್ನು ಸಂಘ ಕೊಡಲಿ. ವಿದ್ಯಾರ್ಥಿವೇತನವಾಗಿ ಕೊಟ್ಟ ಹಣ ಖರ್ಚಾಗಿ ಹೋಗುತ್ತದೆ. ಡಿಪಾಜಿಟ್ ಅವಧಿ ಮುಗಿದ ಮೇಲೆ ಮರಳಿ ಬರುತ್ತದೆ. ಒಂದೇ ಮೊತ್ತ ಎಷ್ಟೋ ತಂಡಗಳನ್ನು ದಾಟಿಸಬಲ್ಲುದು. ಬ್ಯಾಚಲರನೆಂದು ಹೆದರುವ ಸೊಸೈಟಿಗೂ ಹಿಂದೆ ಒಂದು ನೋಂದಾಯಿತ ಸಂಸ್ಥೆಯಿದೆಯೆಂಬ ಧೈರ್ಯ ಬಂದೀತು. 'ಯಾವ ಜನ' ಎಂದು ಕೇಳದೆ ಕೊಡುವ ಷರತ್ತನ್ನು ಮಾತ್ರ ಸಂಘವು ಮೊದಲು ತನಗೆ ತಾನೇ ವಿಧಿಸಿಕೊಳ್ಳಬೇಕು.

ಹುಡುಗರು ಮನೆ ಹಾಳುಮಾಡಿದರೆ, ಬಾಡಿಗೆ ಬಾಕಿ ಉಳಿಸಿದರೆ ಸಂಘ ಏಕೆ ತೆರಬೇಕೆಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕೆಲವು ಸಲ ತೆರಬೇಕಾಗಿಯೂ ಬಂದೀತು. ವಾರ್ಷಿಕೋತ್ಸವವೊಂದರ ಶಾಲು, ಹಾರ, ಸ್ಮರಣಿಕೆಗಳ ವೆಚ್ಚದೊಂದಿಗೆ ಆ ನಷ್ಟವನ್ನು ಹೋಲಿಸಿ ನೋಡಿದರೆ ಪ್ರಶ್ನೆಯ ತೂಕ ಕಡಿಮೆಯಾಗುತ್ತದೆ.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಇನ್ನೂ ಚಿಕ್ಕದು, ಖರ್ಚಿಲ್ಲದ್ದು. ಈ ಕರಾರುಗಳೆಲ್ಲ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತವೆ. ವಿದ್ಯಾರ್ಥಿ ಕೊನೆಯ ಪುಟಕ್ಕೆ ಹೋಗಿ ಹೆಬ್ಬೆರಳು ಒತ್ತುತ್ತಾನೆ. ಶಾಸನಗಳ ದಾನಪತ್ರಗಳನ್ನು, ಅವುಗಳ ಸೀಮೆ ನಿರ್ದೇಶನವನ್ನು, ಶಾಪಾಶಯವನ್ನು ಪದಪದವಾಗಿ ಬಿಡಿಸಿ ಕಲಿಸುವ ವಿಭಾಗಕ್ಕೆ ಹತ್ತು ಪುಟದ ಒಂದು ಕರಾರನ್ನು ಕನ್ನಡಿಸಿ, ನಡುವೆ ಬಿಟ್ಟುಹೋಗದಂತೆ ಕಟ್ಟಿಹಾಕುವ ಅವಧಿ ಎಷ್ಟು, ಡಿಪಾಜಿಟ್ ಹಿಂದಿರುಗಿಸಲು ಗಡುವು ಯಾವುದು, ಸುಣ್ಣಬಣ್ಣದ ಖರ್ಚು ಯಾರದು ಎಂಬುದನ್ನು ಟಿಪ್ಪಣಿಯೊಂದಿಗೆ ಅಚ್ಚುಹಾಕಿಸುವುದು ದೊಡ್ಡ ಕೆಲಸವಲ್ಲ. 'ಲೈಸೆನ್ಸ್' ಎಂಬುದಕ್ಕೆ ಅಲ್ಲಿ ಯಾವ ಕನ್ನಡ ಪದ ಬಳಸಬೇಕೆಂಬುದು ಚರ್ಚೆಗೆ ಬರುವ ವಿಷಯ. ಚಾಲಗೇಣಿಯೆಂದರೆ ಕಾನೂನಿಗೆ ಒಪ್ಪದು, ಪರವಾನಗಿಯೆಂದರೆ ಅಂಗಡಿಯ ನೆನಪು ಬರುತ್ತದೆ. ಪ್ರವೇಶದ ಅರ್ಜಿಗಳು ಹಂಚಿಕೆಯಾಗುವ ಹೊತ್ತಿಗೆ ಆ ಹತ್ತು ಪುಟ ಸಿದ್ಧವಿದ್ದರೆ ಒಳ್ಳೆಯದು. ಜುಲೈಯಲ್ಲಿ ಮಳೆ ಹಿಡಿದ ಮೇಲೆ ಬೇಲಾಪುರದಲ್ಲಿ ಮನೆ ಹುಡುಕುವವನಿಗೆ ಓದುವ ವ್ಯವಧಾನ ಉಳಿದಿರುವುದಿಲ್ಲ.